ಓದದೆ ಹಾಕುವ ಸಹಿ

ನಮ್ಮ ಊರಿನವರೇ ತಂದದ್ದು ಎಂದರೆ ಸಾಕು, ಗಲ್ಫಿನಲ್ಲಿರುವ ನಾವು ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ರುವೈಸ್ ಎಂಬಲ್ಲಿನ ತೈಲ ರಿಫೈನರಿಯಲ್ಲಿ ಟೆಕ್ನೀಷಿಯನ್ ಆಗಿರುವ ಆನ್ಸೆಲ್ಮ್ ಕೂಡ ಹಾಗೆಯೇ ಮಾಡಿದ್ದರು. ಊರಿನ ಒಂದು ಸಹಕಾರಿ ಸೊಸೈಟಿಯಲ್ಲಿ ಹದಿನೆಂಟು ವರ್ಷದ ಉಳಿತಾಯ ಇಟ್ಟರು. ಅದು ಸಾಲದೆಂಬಂತೆ ರಿಫೈನರಿಯ ಕಾರ್ಮಿಕರ ಕ್ಯಾಂಪಿನ ಹನ್ನೊಂದು ಮಂದಿಯಿಂದಲೂ ಇಡಿಸಿದರು. ಕಳೆದ ವರ್ಷ ಸೊಸೈಟಿ ಬಾಗಿಲು ಹಾಕಿತು, ಇಟ್ಟ ದುಡ್ಡೆಲ್ಲ ಮುಳುಗಿತು. ಆ ಹನ್ನೊಂದು ಮಂದಿಯಲ್ಲಿ ಮೆಸ್ಸಿನ ಅಡುಗೆಯವ ಚಾಮರಾಜನೂ ಒಬ್ಬ. ಅವನ ಮಗಳು ಈಗ ನರ್ಸಿಂಗ್ ಕಾಲೇಜು ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ.

ಒಂದು ಶನಿವಾರ ಆನ್ಸೆಲ್ಮ್ ರಜೆಗೆಂದು ನಗರದ ಖಾಲಿದಿಯಾ ಬಡಾವಣೆಯ ಮನೆಗೆ ಬಂದಾಗ ಹೆಂಡತಿ ಮೆಟಿಲ್ಡಾ ಒಂದು ಕಾಗದ ಮುಂದಿಟ್ಟರು. ರಾಜ್ಯ ಸರ್ಕಾರವೇ ಒಂದು ಬ್ಯಾಂಕ್ ತೆರೆಯಬೇಕೇ ಎಂದು ಪರಿಶೀಲಿಸಲು ಊರಿನಲ್ಲಿ ಸಮಿತಿಯೊಂದು ನೇಮಕವಾಗಿತ್ತು. ಇಲ್ಲಿ ಅವರ ಇಗರ್ಜಿಯ, ಅಂದರೆ ಚರ್ಚಿನ, ಸಂಘದವರು ‘ಬ್ಯಾಂಕ್ ಬೇಕೇ ಬೇಕು’ ಎಂದು ಮೂರು ಪುಟ ಅಚ್ಚು ಹಾಕಿಸಿ ಸಹಿಗೆ ಹಂಚಿದ್ದರು.

“ಸೈನ್ ಹಾಕಿ. ಸರ್ಕಾರದ್ದಾದ್ರೆ ಮುಳುಗುದಿಲ್ಲ,” ಎಂದರು ಮೆಟಿಲ್ಡಾ.

ಆನ್ಸೆಲ್ಮ್ ಪೆನ್ನು ತೆಗೆದರು. ಬ್ಯಾಂಕುಗಳ ಆಡಿಟ್ ಕೆಲಸ ಮಾಡುವ ಪಕ್ಕದ ಫ್ಲ್ಯಾಟಿನ ಕ್ಯಾರಲ್ ಅಲ್ಲೇ ಕೂತಿದ್ದಳು.

“ಓದಿದ್ರಾ ಅಂಕಲ್?”

“ನಮ್ಮ ಇಗರ್ಜಿಯವರೇ ಕೊಟ್ಟದ್ದು ಮಾರಾಯ್ತಿ. ಓದುದು ಎಂತಕ್ಕೆ?”

“ಸೊಸೈಟಿಯ ಫಾರ್ಮ್ ಕ್ಯಾಂಪಿಗೆ ತಂದದ್ದು ಯಾರು?”

ಆನ್ಸೆಲ್ಮ್ ಪೆನ್ನು ಕೆಳಗಿಟ್ಟರು. ತಂದದ್ದು ತಾವೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಹಾಗಾದ್ರೆ ಬ್ಯಾಂಕೇ ಬೇಡ ಅಂತೀಯಾ?” ಮೆಟಿಲ್ಡಾ ರೇಗಿದರು.

“ಬೇಕು ಬೇಡ ಈಗಲೇ ಹೇಳ್ಲಿಕ್ಕೆ ಆಗುದಿಲ್ಲ ಆಂಟಿ. ದೊಡ್ಡ ಬ್ಯಾಂಕಿನವರು ತಿರುಗಿ ನೋಡದವರಿಗೆ ಅದು ಸಾಲ ಕೊಡಬಹುದು. ಆದ್ರೆ ಬಂಡವಾಳ ಎಲ್ಲಿಂದ? ಮಂತ್ರಿಗಳ ನೆಂಟರಿಗೇ ಸಾಲ ಹೋದ್ರೆ ತಡೆಯುದು ಯಾರು? ನಷ್ಟ ಆದ್ರೆ ಜನರ ತೆರಿಗೆಯಿಂದಲೇ ತುಂಬಬೇಕು. ಇದನ್ನೆಲ್ಲ ನೋಡ್ಲಿಕ್ಕೇ ಸಮಿತಿ ಇರುದು. ನಿಮಗೆ ಏನಾಯ್ತು ಅಂತ ಬರೀರಿ. ಬರೀ ಸಹಿ ಕಟ್ಕೊಂಡು ಅವರು ಎಂತ ಮಾಡುದು?”

“ಅದನ್ನೆಲ್ಲ ಬರೆದ್ರೆ ಊರಲ್ಲಿ ನಮ್ಮ ಮರ್ಯಾದೆ?”

“ಅದು ಹೋಗಿ ವರ್ಷ ಆಯ್ತು ಮೆಟಿಲ್ಡಾ,” ಎಂದ ಆನ್ಸೆಲ್ಮ್ ಚಾಮರಾಜನಿಗೆ ಫೋನ್ ಮಾಡಿ ಎಲ್ಲ ಹೇಳಿದರು. “ನಿನ್ನ ಸಂಗತಿಯೂ ಬರೆಯುದಾ?”

“ಬರುದ್ರೆ ಮಗ್ಳು ಕಾಲೇಜಿಗೆ ವಾಪಸ್ ಹೋಯ್ತಳಾ ಸಾರ್?”

“ಇಲ್ಲ.”



“ಆದ್ರೂ ಬರೀರಿ. ನೀವು ಸೊಸೈಟಿ ಲೆಕ್ಕಪತ್ರ ನೋಡ್ದೆ ನಮ್ ಕೈಲಿ ದುಡ್ ಕಟ್ಸುದ್ರಿ ಅನ್ನೋದ್ನೂ ಬರೀರಿ.”

ಸಮಿತಿಗೆ ಬರೆದ ಪತ್ರದಲ್ಲಿ ಆನ್ಸೆಲ್ಮ್ ಅದನ್ನೂ ಬರೆದರು. ಮೆಟಿಲ್ಡಾ ಮೊದಲಿನಿಂದ ಕೊನೆಯವರೆಗೆ ಓದಿದರು, ಅತ್ತರು. ಆಮೇಲೆ ಕೆಳಗೆ ತಮ್ಮ ಹೆಸರನ್ನೂ ಸೇರಿಸಿದರು. ಸಂಘದ ಕಾಗದ ಸಹಿಯಿಲ್ಲದೆ ವಾಪಸ್ ಹೋಯಿತು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಕಾಗದ ನಿಮ್ಮ ಮನೆಗೂ ಬಂದೀತು. ತಂದವರ ಮುಖ ನೋಡಬೇಡಿ, ಬರೆದದ್ದನ್ನು ಓದಿ. ದುಡ್ಡು ಯಾರದು, ಸಾಲ ಯಾರಿಗೆ, ನಷ್ಟ ಯಾರ ತಲೆಗೆ ಎಂದು ಕೇಳಿ. ನಿಮಗೆ ಆದದ್ದನ್ನು ನಿಮ್ಮ ಮಾತಿನಲ್ಲೇ ಸಮಿತಿಗೆ ಬರೆಯಿರಿ. ನಾಚಿಕೆಯಾದರೂ ಬರೆಯಿರಿ. ನಾವು ಸುಮ್ಮನಿದ್ದರೆ ಇನ್ನೊಬ್ಬರ ಮಗಳು ಕಾಲೇಜು ಬಿಡುತ್ತಾಳೆ.