ಮೇಡಂ ಜೊತೆ ಮೂವತ್ತು ನಿಮಿಷ

ಬ್ಯಾಗ್ ಹೊಲಿಯುವ ಆ ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗದ ಸೂಪರ್‌ವೈಸರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು. ನಲವತ್ತು ಮಿಷನ್ನುಗಳ ಗದ್ದಲದಲ್ಲಿ ಎಲ್ಲೋ ಒಂದು ಸೂಜಿ ಮುರಿದರೂ ಅವಳಿಗೆ ಕೇಳಿಸುತ್ತದೆ ಎಂದು ಹೊಲಿಯುವವರು ಆಣೆ ಮಾಡಿ ಹೇಳುತ್ತಿದ್ದರು. ಆ ಮಿಷನ್ನುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಅವಳ ಗಂಡ.

ಮದುವೆಯಾದ ಹೊಸತರಲ್ಲೇ ಅವಳು ಗಂಡನಿಗೆ ಕಟ್ಟಪ್ಪಣೆ ಮಾಡಿದ್ದಳು. ಗೇಟಿನ ಒಳಗೆ ನಾವು ಗಂಡ ಹೆಂಡತಿ ಅಲ್ಲ. ಮನೆ ವಿಷಯ ಇಲ್ಲಿಗೆ ಬರಬಾರದು, ಇಲ್ಲಿನ ವಿಷಯ ಮನೆಗೆ ಹೋಗಬಾರದು. ಹದಿನಾಲ್ಕು ವರ್ಷ ಇಬ್ಬರೂ ಇದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಒಂದೇ ಸ್ಕೂಟರಿನಲ್ಲಿ ಬರುವರು. ಗೇಟಿನ ಹೊರಗೆ "ರೀ, ಹೆಲ್ಮೆಟ್ ಮರೀಬೇಡಿ" ಎಂದವಳು, ಒಳಗೆ ಕಾಲಿಟ್ಟ ಮೇಲೆ "ಮೆಕ್ಯಾನಿಕ್ ಅವರೇ, ಏಳನೇ ಮಿಷನ್ ನೋಡಿ" ಎನ್ನುವಳು. ಅವನೂ ಅಷ್ಟೇ ಗಂಭೀರವಾಗಿ "ಆಯ್ತು ಮೇಡಂ" ಎನ್ನುವನು.

ಇಂಥ ಶಿಸ್ತಿನ ಸಂಸಾರ ಎಲ್ಲಿ ಮುಗ್ಗರಿಸಬೇಕೋ ಅಲ್ಲೇ ಮುಗ್ಗರಿಸಿತು. ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಕಂಪನಿ ಹೊಸ ಘಟಕ ತೆರೆಯುತ್ತಿತ್ತು. ಅಲ್ಲಿಗೆ ಹೆಡ್ ಮೆಕ್ಯಾನಿಕ್ ಬೇಕಾಗಿತ್ತು. ಅವನು ಅರ್ಜಿ ಹಾಕಿದ. ಆಫೀಸಿನ ವಿಷಯವಲ್ಲವೇ, ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಅವಳಿಗೆ ಸುದ್ದಿ ತಿಳಿದದ್ದು ಕ್ಯಾಂಟೀನಿನಲ್ಲಿ. "ಏನ್ ಮೇಡಂ, ಯಜಮಾನ್ರು ಬೇರೆ ಊರಿಗೆ ಹೊರಟ್ರಂತೆ?" ಎಂದು ಟೀ ಕೊಡುವಾಕೆ ಕೇಳಿದಾಗ ಮೇಡಂ ಇಂಗು ತಿಂದ ಮಂಗನಂತೆ ನಿಂತಳು. ಗಂಡನ ಕಾಲರ್ ಹಿಡಿದು ಕೇಳೋಣವೆಂದರೆ ಅದು ಗೇಟಿನ ಒಳಗೆ. ಮನೆಗೆ ಹೋಗಿ ಕೇಳೋಣವೆಂದರೆ ಅದು ಆಫೀಸಿನ ವಿಷಯ, ನಿಯಮ ಮಾಡಿದವಳೇ ಮುರಿಯುವುದು ಹೇಗೆ? ಹೀಗಾಗಿ ಅವಳು ಎಲ್ಲ ವಿಷಯಕ್ಕೂ ಬಾಯಿಗೆ ಬೀಗ ಹಾಕಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಇವರು ಹನ್ನೊಂದು ದಿನ ಉಂಡು ಮಲಗಿ ಎದ್ದರೂ ಜಗಳ ಕೂತಲ್ಲೇ ಕೂತಿತ್ತು. "ಅತ್ತೆ, ನಿಮ್ಮ ಮಗನಿಗೆ ಊಟಕ್ಕೆ ಬರೋಕೆ ಹೇಳಿ" ಎಂದು ಇವಳು, ಎರಡಡಿ ಆಚೆ ಕೂತ ಗಂಡನ ಎದುರೇ ಹೇಳುವಳು. "ಅಮ್ಮಾ, ಹಸಿವಿಲ್ಲ ಅಂತ ಹೇಳು" ಎಂದು ಅವನು.

"ನಾನೇನು ನಿಮ್ಮನೆ ಟೆಲಿಫೋನಾ?" ಎಂದು ಅತ್ತೆ ಸಿಡಿದರು. "ಅವನಿಗೆ ಹಸಿವಿದೆ, ನಿನಗೆ ಅಳು ಬರ್ತಿದೆ. ಇಷ್ಟು ನನಗೆ ಕನ್ನಡಕ ಇಲ್ದೇನೂ ಕಾಣುತ್ತೆ. ನಿಮ್ಮಿಬ್ಬರಿಗೆ ಏನು ದಾಡಿ?"

ಈ ನಡುವೆ ಕಾರ್ಖಾನೆಗೆ ಹೊಸದಾಗಿ ಸೇರಿದ ಎಚ್‌ಆರ್ ಹುಡುಗಿ ಹೊಸ ಸಾಫ್ಟ್‌ವೇರ್ ತಂದಳು. ಪ್ರತಿಯೊಬ್ಬ ನೌಕರನೂ ವಾರಕ್ಕೊಮ್ಮೆ ತನ್ನ ಮ್ಯಾನೇಜರ್ ಜೊತೆ ಒಬ್ಬನೇ ಕೂತು ಮೂವತ್ತು ನಿಮಿಷ ಮಾತಾಡಬೇಕು. ಮೆಕ್ಯಾನಿಕ್ಕಿನ ಹೆಸರಿನ ಮುಂದೆ ಮ್ಯಾನೇಜರ್ ಜಾಗ ಖಾಲಿ ಇತ್ತು. ಅವನ ಮೇಲಿನವರು ನಿವೃತ್ತರಾಗಿ ವರ್ಷವಾಗಿತ್ತು. ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಕೆಂಪಾಗುತ್ತಿತ್ತು. ದಿನವಿಡೀ ಹೊಲಿಗೆ ವಿಭಾಗದಲ್ಲೇ ಇರುವವನಲ್ಲವೇ ಎಂದು ಹುಡುಗಿ ಅಲ್ಲಿ ಮೇಡಂ ಹೆಸರು ತುಂಬಿದಳು. ಅವರಿಬ್ಬರೂ ಗಂಡ ಹೆಂಡತಿ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಪುಕ್ಕಟೆ ತಮಾಷೆಯನ್ನು ಯಾರು ಬಿಟ್ಟಾರು?

ಗುರುವಾರ ಹನ್ನೊಂದಕ್ಕೆ ಮೀಟಿಂಗ್. ಅದರ ಜೊತೆಗೇ ಮೇಡಂ ಪರದೆಯ ಮೇಲೆ ಗಂಡನ ವರ್ಗಾವಣೆ ಅರ್ಜಿಯೂ ಬಂತು. ಕೆಳಗೆ ಎರಡು ಗುಂಡಿ: ಒಪ್ಪಿಗೆ, ತಿರಸ್ಕಾರ. ಸಂಜೆ ಐದರೊಳಗೆ ಒಂದನ್ನು ಒತ್ತಬೇಕು. ಅವಳ ಬೆರಳು ತಿರಸ್ಕಾರದ ಮೇಲೆ ಹೋಗಿ ನಿಂತಿತು. ಒತ್ತಿದರೆ ಗಂಡ ಮನೆಯಲ್ಲೇ ಉಳಿಯುತ್ತಾನೆ, ಕಾರಣವನ್ನೂ ಕೇಳುವವರಿಲ್ಲ. ಅವಳಿಗೆ ಒತ್ತುವ ಆಸೆ ಬಹಳವಾಗಿತ್ತು. ಆ ಆಸೆಗೆ ನಾಚಿಕೆಯೂ ಆಯಿತು.

ಮೀಟಿಂಗಿನ ಕೋಣೆಗೆ ಗಾಜಿನ ಗೋಡೆ. ಹೊರಗೆ ನಲವತ್ತು ಮಿಷನ್ನುಗಳೂ ಇದ್ದಕ್ಕಿದ್ದಂತೆ ನಿಧಾನವಾಗಿದ್ದವು. ಮೇಡಂ ಒಮ್ಮೆ ತಿರುಗಿ ನೋಡಿದ್ದೇ ತಡ, ಮತ್ತೆ ಗಡಗಡ ಶುರುವಾದವು.

ಪರದೆ ಮೇಲಿನ ಪ್ರಶ್ನೆಯನ್ನು ಅವಳು ಓದಿದಳು. "ಈ ವಾರ ನಿಮಗೆ ಏನು ತೊಂದರೆ ಆಯ್ತು?"

ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. "ಮೇಡಂ, ನನ್ನ ಹೆಂಡತಿ ನನ್ನ ಜೊತೆ ಮಾತಾಡ್ತಿಲ್ಲ."

ಅವಳು ತಲೆ ಎತ್ತಲಿಲ್ಲ. "ಮನೆ ವಿಷಯ ಇಲ್ಲಿ ಬೇಡ."

"ಏನು ತೊಂದರೆ ಅಂತ ಸಾಫ್ಟ್‌ವೇರ್ ಕೇಳ್ತಿದೆ ಮೇಡಂ. ಸುಳ್ಳು ಹೇಳಲಾ?"

ಅವಳು ಕೇಳಿದಳು. "ಊರು ಬಿಡೋ ವಿಷಯ ಹೆಂಡತಿಗೆ ಮೊದಲೇ ಹೇಳಿದ್ರಾ?"

"ಆಫೀಸಿನ ವಿಷಯ ಮನೆಗೆ ತರಬಾರದು ಅಂತ ಅವಳದೇ ಕಟ್ಟಪ್ಪಣೆ. ಭಾರಿ ಕಟ್ಟುನಿಟ್ಟು ಮೇಡಂ ಅವಳು. ನಿಮಗೆ ಗೊತ್ತಿರಲಿಕ್ಕಿಲ್ಲ."

ನಗು ಬಂತು. ಅವಳು ಅದನ್ನು ಕೆಮ್ಮಿ ನುಂಗಿದಳು. "ಮ್ಯಾನೇಜರ್‌ನಿಂದ ನಿಮಗೆ ಏನು ಸಹಾಯ ಬೇಕು?"

ಅವನು ಎಣ್ಣೆ ಕಪ್ಪು ಹಿಡಿದ ಉಗುರುಗಳನ್ನು ನೋಡುತ್ತ ಕೂತ. "ಹದಿನಾಲ್ಕು ವರ್ಷದಿಂದ ಇನ್ನೊಬ್ಬರು ತೋರಿಸಿದ ಮಿಷನ್ ರಿಪೇರಿ ಮಾಡ್ಕೊಂಡೇ ಬಂದೆ. ಒಂದು ಘಟಕ ಮೊದಲಿಂದ ನಾನೇ ನಿಲ್ಲಿಸಬೇಕು ಅಂತ ಆಸೆ. ಅವಳು ಬೇಡ ಅಂದ್ರೆ ಹೋಗಲ್ಲ ಮೇಡಂ. ಆದರೆ ಬೇಡ ಅಂತಾದ್ರೂ ಅವಳು ಬಾಯಿಬಿಟ್ಟು ಹೇಳಬೇಕಲ್ಲ? ಮನೇಲಿ ಅವಳ ದನಿ ಕೇಳದೆ ತಲೆ ಕೆಟ್ಟುಹೋಗಿದೆ. ಏಳನೇ ಮಿಷನ್ ಚೆನ್ನಾಗೇ ಇತ್ತು, ನೀವು ಬೈಯಲಿ ಅಂತ ನಿನ್ನೆ ನಾನೇ ಅದರ ಬೆಲ್ಟ್ ಸಡಿಲ ಮಾಡಿದೆ."

ಅವಳ ಕಣ್ಣು ತುಂಬಿ ಪರದೆಯ ಅಕ್ಷರಗಳು ಕಲಸಿಹೋದವು. ಈ ಮನುಷ್ಯನಷ್ಟು ಕೈಚಳಕ ಈ ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಇಲ್ಲವೆಂದು ಮೇಡಮ್ಮಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮೂಗು ಒರೆಸಿಕೊಂಡು ಒಪ್ಪಿಗೆಯ ಗುಂಡಿ ಒತ್ತಿದಳು. ಟಿಪ್ಪಣಿ ಬರೆಯದೆ ಮೀಟಿಂಗ್ ಮುಗಿಯದು ಎಂದು ಪರದೆ ಹಟ ಹಿಡಿಯಿತು. "ಯೋಗ್ಯ ನೌಕರ. ನನ್ನ ಒಪ್ಪಿಗೆ ಇದೆ. ಹೆಂಡತಿಯ ಒಪ್ಪಿಗೆ ಬಾಕಿ" ಎಂದು ಬರೆದಳು.

ಸಂಜೆ ಗೇಟು ದಾಟಿ ಸ್ಕೂಟರ್ ಹತ್ತಿದ್ದೇ ಅವನ ಬೆನ್ನಿಗೆ ಒಂದು ಗುದ್ದು ಬಿತ್ತು. "ಹೋಗಬೇಡಿ ರೀ."

"ಮೇಡಂ ಒಪ್ಪಿಬಿಟ್ರಲ್ಲೇ."

"ಅವಳು ಒಪ್ಪಿದಳು. ನಾನು ಒಪ್ಪಿಲ್ಲ." ಅರ್ಧ ದಾರಿಯವರೆಗೂ ಅವಳು ಅವನ ಬೆನ್ನಿಗೆ ಹಣೆಯಿಟ್ಟು ಅತ್ತಳು. ಹನ್ನೊಂದು ದಿನದ ಬೈಗುಳವನ್ನೆಲ್ಲ ಒಂದೂ ಬಿಡದೆ ಬೈದಳು. ಅವನು ಬೇಕೆಂದೇ ಸುತ್ತುದಾರಿ ಹಿಡಿದ. ಮನೆ ಮುಟ್ಟುವ ಹೊತ್ತಿಗೆ "ಪ್ರತಿ ಶನಿವಾರ ಸಂಜೆ ಮನೆಗೆ ಬರೋ ಬಸ್ ತಪ್ಪಿಸಿಕೊಂಡ್ರೆ ನೋಡಿ ಮತ್ತೆ" ಎಂಬಲ್ಲಿಗೆ ಮಾತು ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಇಬ್ಬರ ಮುಖವನ್ನೂ ನೋಡಿ, "ಸದ್ಯ, ಟೆಲಿಫೋನಿಗೆ ರಜೆ ಸಿಕ್ತು" ಎಂದರು.

ಸೋಮವಾರ ಎಚ್‌ಆರ್ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. "ಮೇಡಂ, ಹೆಂಡತಿ ಒಪ್ಪಿಗೆ ಬಾಕಿ ಅಂತ ಬರೆದಿದೀರಿ. ನಿಮಗೆ ಅವರ ಹೆಂಡತಿ ಪರಿಚಯಾನಾ?"

"ಹದಿನಾಲ್ಕು ವರ್ಷದಿಂದ ಪರಿಚಯ ಮಾಡ್ಕೊಳ್ತಾ ಇದೀನಮ್ಮ. ಒಪ್ಪಿದಾಳೆ, ಹಾಗಂತ ಹಾಕ್ಕೋ."

ಹತ್ತಿರದ ನಾಲ್ಕು ಮಿಷನ್ನುಗಳ ಹಿಂದಿನಿಂದ ನಗು ಕೇಳಿಬಂತು. ಹುಡುಗಿ ಅತ್ತ ನೋಡಿದಳು, ಮೇಡಂ ಮುಖ ನೋಡಿದಳು, ಆಮೇಲೆ ಕಿವಿತನಕ ಕೆಂಪಾದಳು. "ಅಯ್ಯೋ, ತಪ್ಪಾಯ್ತು ಮೇಡಂ! ಹೇಗೂ ಮುಂದಿನ ತಿಂಗಳಿಂದ ಅವರಿಗೆ ಅಲ್ಲಿನ ಮ್ಯಾನೇಜರ್ ಇರ್ತಾರೆ. ನಿಮ್ಮಿಬ್ಬರ ಮೀಟಿಂಗ್ ಅಳಿಸಿಬಿಡ್ತೀನಿ."

"ಅಳಿಸಬೇಡ. ಫೋನಲ್ಲಿ ಮುಖ ನೋಡ್ಕೊಂಡು ಮಾತಾಡೋ ಹಾಗೆ ಮಾಡು. ಗುರುವಾರ, ಹನ್ನೊಂದಕ್ಕೆ."

"ಗೇಟಿನ ಒಳಗೇನಾ ಮೇಡಂ?" ಎಂದು ಮೂರನೇ ಮಿಷನ್ನಿನವಳು ಕೂಗಿದಳು.

"ಒಳಗೇ. ನೀನು ಜಿಪ್ ನೋಡ್ಕೊಂಡು ಹೊಲಿ."

ಹುಡುಗಿ ಕೀಲಿಮಣೆಯ ಮೇಲೆ ಬೆರಳಿಟ್ಟಳು. "ಯಾವತ್ತಿನ ತನಕ ಅಂತ ಕೇಳ್ತಿದೆ ಮೇಡಂ."

"ಹಾಕಲೇಬೇಕಾ?"

"ಖಾಲಿ ಬಿಟ್ಟರೆ ನಡೆಯುತ್ತೆ. ಕೆಂಪಾಗಲ್ಲ."

ಮೇಡಂ ಏಳನೇ ಮಿಷನ್ನಿನ ಕಡೆ ನೋಡಿದಳು. ಮೆಕ್ಯಾನಿಕ್ ಅದರ ಬೆಲ್ಟ್ ಬಿಗಿ ಮಾಡುತ್ತಿದ್ದ.

"ಹಾಗಾದರೆ ಖಾಲಿನೇ ಬಿಡಮ್ಮ," ಎಂದಳು.