ನಾಲ್ಕು ಬೆರಳಿನ ತಪ್ಪು

ನಾನು ಒಂದು ಭೂಮಾಪನದ ಸರಪಳಿ. ಹೊಲ ಅಳೆಯುವುದಕ್ಕೆಂದೇ ಹುಟ್ಟಿದವನು. ಉಕ್ಕಿನ ತಂತಿಯನ್ನು ಕಾಯಿಸಿ, ತುಂಡರಿಸಿ, ತುದಿ ಬಗ್ಗಿಸಿ, ಉಂಗುರಗಳಿಂದ ಒಂದಕ್ಕೊಂದು ಕೂಡಿಸಿ ನನ್ನನ್ನು ಮಾಡಿದರು. ಎರಡು ಕೊನೆಗೂ ಹಿತ್ತಾಳೆಯ ಹಿಡಿಕೆ. ಬಿಗಿದು ಎಳೆದರೆ ಸರಿಯಾಗಿ ಮೂವತ್ತಮೂರು ಅಡಿ. ಕಾರ್ಖಾನೆಯ ಮುದುಕನೊಬ್ಬ ಎಳೆದು ನೋಡಿ, ತಲೆಯಾಡಿಸಿ, ಹಿಡಿಕೆಯ ಮೇಲೆ ಸರ್ಕಾರದ ಮುದ್ರೆ ಒತ್ತಿದ. ಆ ಏಟು ನೋಯಿಸಿತು. ಆದರೆ ಆವತ್ತಿನಿಂದ ನಾನು ಬರೀ ಕಬ್ಬಿಣವಾಗಿ ಉಳಿಯಲಿಲ್ಲ.

ನನ್ನನ್ನು ಎರಿಮಣ್ಣಿನ, ಕಪ್ಪುನೆಲದ ಸೀಮೆಯ ಒಂದು ತಾಲೂಕು ಕಚೇರಿಗೆ ಕಳಿಸಿದರು. ಮೊದಲು ನಾನು ಸರ್ವೇಯರ್ ವಿಠ್ಠಲಪಂತರ ಕೈಗೆ ಬಂದೆ. ಕಚೇರಿಯ ಹಿತ್ತಲಲ್ಲಿ ಮೂವತ್ತಮೂರು ಅಡಿ ಅಂತರದಲ್ಲಿ ಎರಡು ಕಲ್ಲು ನೆಟ್ಟಿದ್ದರು. ಪಂತರು ಪ್ರತಿ ಸೋಮವಾರ ನನ್ನನ್ನು ಅವುಗಳ ನಡುವೆ ಹಾಸಿ ನೋಡುತ್ತಿದ್ದರು. ಎಳೆದೆಳೆದು ಸರಪಳಿ ಉದ್ದವಾಗುವುದುಂಟು ಎಂದು ಅವರಿಗೆ ಗೊತ್ತಿತ್ತು. ನಿವೃತ್ತರಾಗುವ ದಿನ ನನ್ನನ್ನು ಹೊಸ ಸರ್ವೇಯರ್ ಖಾಸಿಂಸಾಬ ನದಾಫರ ಕೈಗಿಟ್ಟು, "ನೀ ಕಲ್ಲು ನೆಟ್ಟು ಮನಿಗೆ ಬರತಿ. ಆದ್ರ ಅದರ ಮ್ಯಾಲ ಮಂದಿ ಮೂರು ತಲಿಮಾರು ಬದುಕತಾರ, ಮರೀಬ್ಯಾಡಪಾ" ಎಂದರು.

ಖಾಸಿಂಸಾಬರು ಮರೆಯಲಿಲ್ಲ. ಹದಿನೆಂಟು ವರ್ಷ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಅಳತೆಗೆ ಹೋದ ಊರಿನಲ್ಲಿ ಯಾರ ಮನೆಯ ಮಜ್ಜಿಗೆಯನ್ನೂ ಕುಡಿಯುತ್ತಿರಲಿಲ್ಲ. ಬುತ್ತಿಯ ರೊಟ್ಟಿ, ಶೇಂಗಾಹಿಂಡಿ, ತಮ್ಮದೇ ತಂಬಿಗೆಯ ನೀರು. ಗೌಡರು ಬಂದು ಕುರ್ಚಿ ಹಾಕಿಸಿದರೆ ನಿಂತೇ ಇರುತ್ತಿದ್ದರು. ಖಾಸಿಂಸಾಬ ಅಳೆದ ಮೇಲೆ ಮಾತಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಯಿತು.

ಆ ಹೆಸರೇ ಅವರಿಗೆ ಎಚ್ಚರ ಮರೆಸಿತೇನೋ. ಸೋಮವಾರದ ತಪಾಸಣೆ ತಿಂಗಳಿಗೊಮ್ಮೆ ಆಯಿತು, ಆಮೇಲೆ ಬರೀ ಸಹಿಯಾಯಿತು. ಹಿತ್ತಲ ಕಲ್ಲುಗಳ ಮೇಲೆ ಕಸ ಬೆಳೆಯಿತು. ರಿಜಿಸ್ಟರಿನಲ್ಲಿ ಮಾತ್ರ "ಸರಪಳಿ ಸರಿ ಇದೆ" ಎಂದು ಬರೆದು ರುಜು ಹಾಕುತ್ತಿದ್ದರು. ಪರರ ಮಜ್ಜಿಗೆ ಮುಟ್ಟದ ಮನುಷ್ಯ ಪ್ರತಿ ಸಲ ಒಂದು ಸಣ್ಣ ಸುಳ್ಳು ಬರೆಯುತ್ತಿದ್ದೇನೆ ಎಂದು ಒಮ್ಮೆಯೂ ಅಂದುಕೊಳ್ಳಲಿಲ್ಲ.

ಒಂದು ಬೇಸಿಗೆಯಲ್ಲಿ ನಾನು ಎರಿಮಣ್ಣಿನ ಬಿರುಕಿಗೆ ಸಿಕ್ಕು ತುಂಡಾದೆ. ದಾರಿಯ ಕಂಬಾರನೊಬ್ಬ ಕೈಗೆ ಸಿಕ್ಕ ದೊಡ್ಡ ಉಂಗುರ ಹಾಕಿ ಬೆಸೆದ. ನಾನು ನಾಲ್ಕು ಬೆರಳಿನಷ್ಟು ಉದ್ದವಾದೆ. ನನಗೆ ಗೊತ್ತಾಯಿತು. ಹೇಳಲು ಬಾಯಿಲ್ಲ.

ಅದಾದ ಮೇಲೆ ಕರಿಗಲ್ಲಾಳ ಎಂಬ ಹಳ್ಳಿಯಲ್ಲಿ ಒಂದು ಅಳತೆ ಬಂತು. ಈರನಗೌಡರ ಹೊಲಕ್ಕೂ ಮಾದರ ಸಂಕವ್ವನ ಹೊಲಕ್ಕೂ ನಡುವಿನ ಗಡಿಕಲ್ಲು ಮಾಯವಾಗಿತ್ತು. ಗೌಡರ ಕಡೆಯ ರಸ್ತೆಯಿಂದ ಮೂವತ್ತೆರಡು ಸರಪಳಿ ಅಳೆದು ಕಲ್ಲು ನೆಡಬೇಕು. ಒಂದೊಂದು ಸಲಕ್ಕೂ ನಾಲ್ಕು ಬೆರಳಿನಂತೆ ನಾನು ಜಾರುತ್ತಾ ಹೋದೆ. ಕೊನೆಯ ಸರಪಳಿ ಮುಗಿಯುವಾಗ ಎಂಟು ಅಡಿ ಸಂಕವ್ವನ ಹೊಲದೊಳಗೆ ನುಗ್ಗಿದ್ದೆ. ಬದುವಿಗೆ ಹತ್ತಿಕೊಂಡಿದ್ದ ಆಕೆಯ ಸಣ್ಣ ಬಾವಿ ಗೌಡರ ಪಾಲಾಯಿತು.

ಸಂಕವ್ವ ಬಾವಿಯ ಕಟ್ಟೆ ಹಿಡಿದು ನಿಂತಳು. "ಇದು ನಮ್ಮ ಯಜಮಾನ ಮೂರು ಬ್ಯಾಸಗಿ ತೋಡಿದ ಬಾವಿರಿ ಸಾಹೇಬ್ರ. ತನ್ನ ಹೊಲ ಬಿಟ್ಟು ಮಂದಿ ಹೊಲದಾಗ ಯಾರರ ತೋಡ್ತಾರೇನ್ರಿ?"

"ಅವ್ವಾ, ಇದು ನಾ ಹೇಳೂದಲ್ಲ. ಸರಪಳಿ ಹೇಳೂದು" ಎಂದರು ಖಾಸಿಂಸಾಬರು, ಮೆತ್ತಗೆ.

ಅವರು ಸುಳ್ಳು ಹೇಳಲಿಲ್ಲ. ಆದರೂ ಆ ಮಾತು ನನ್ನ ಒಂದೊಂದು ಕೊಂಡಿಗೂ ತಾಗಿತು. ಸಂಕವ್ವ ಕಟ್ಟೆಯಿಂದ ಕೈ ತೆಗೆದಳು. ಈರನಗೌಡರು ಕಳ್ಳರಲ್ಲ, ಸರ್ಕಾರವೇ ಕೊಟ್ಟಿತು ಎಂದು ಮುಳ್ಳುಬೇಲಿ ಹಾಕಿಕೊಂಡರು.

ಎಂಟು ತಿಂಗಳ ಮೇಲೆ ಕಚೇರಿಗೆ ಉಕ್ಕಿನ ಟೇಪು ಬಂತು. ಖಾಸಿಂಸಾಬರು ಕುತೂಹಲಕ್ಕೆ ಜಗಲಿಯಲ್ಲಿ ಟೇಪು ಬಿಚ್ಚಿ ನನ್ನನ್ನು ಪಕ್ಕದಲ್ಲಿ ಹಾಸಿದರು. ಟೇಪಿನ ಮೂವತ್ತಮೂರು ಅಡಿ ಮುಗಿದರೂ ನಾನು ಮುಗಿಯಲಿಲ್ಲ. ಮತ್ತೊಮ್ಮೆ ಹಾಸಿದರು. ಹಿತ್ತಲಿಗೆ ಓಡಿ, ಕೈಯಿಂದಲೇ ಕಸ ಕಿತ್ತು, ಕಲ್ಲುಗಳ ನಡುವೆ ಎಳೆದು ನೋಡಿದರು. ನಾಲ್ಕು ಬೆರಳು ಹೊರಗೆ. ಅಲ್ಲೇ ಮಣ್ಣಿನಲ್ಲಿ ಕೂತರು. ನನ್ನ ದೊಡ್ಡ ಉಂಗುರವನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

ಬೆಸುಗೆಯಾದ ಮೇಲೆ ನಲವತ್ತಮೂರು ಹೊಲ ಅಳೆದಿದ್ದರು. ಆ ಪಟ್ಟಿ ಹಿಡಿದು ಮೇಲಧಿಕಾರಿ ಹುನಗುಂಡಿಯವರ ಮುಂದೆ ನಿಂತರು. ನಾನು ಅವರ ಚೀಲದಲ್ಲಿದ್ದೆ.

ಹುನಗುಂಡಿಯವರು ಕೆಟ್ಟವರಲ್ಲ, ಪಟ್ಟಿಯನ್ನು ಪೂರ್ತಿ ಓದಿದರು. "ಖಾಸಿಂ, ನಮ್ಮ ಕಲ್ಲು ಅಲುಗ್ಯಾಡತಾವ ಅಂತ ಒಮ್ಮೆ ಗೊತ್ತಾದ್ರ ತಾಲೂಕಿನ್ಯಾಗ ಒಂದು ಬದುವೂ ಉಳಿಯಾಂಗಿಲ್ಲ. ಕೊಡಲಿ ಹಿಡಿಯೋ ಮಂದಿ ನಮ್ಮ ಕಾಗದ ನಂಬಿ ಸುಮ್ನ ಕುಂತಾರ. ಸರ್ಕಾರ ಅಂದ್ರ ಕಡೀಗೆ ಆ ನಂಬಿಕೀನ. ಅದನ್ನ ಮುರೀಬ್ಯಾಡ. ಟೇಪು ಬಂತು, ಸರಪಳಿ ಗುಜರಿಗೆ ಹಾಕು."

"ಖರೇ ಐತ್ರಿ. ಸಂಕವ್ವನೂ ಅದ ನಂಬಿಕೀಲೆ ಬಾವಿ ಬಿಟ್ಟುಕೊಟ್ಟಾಳ್ರಿ. ಆಕಿ ಕೊಡಲಿ ಹಿಡಿಯಾಂಗಿಲ್ಲ. ಹಿಡಿಯಾಂಗಿಲ್ಲ ಅಂತ ಆಕಿದನ್ನ ಹಂಗ ಬಿಡೂದೇನ್ರಿ?"

ಹುನಗುಂಡಿಯವರು ಕಿಟಕಿಯ ಕಡೆ ನೋಡಿದರು. "ಬರದು ಕೊಟ್ರ ನಿನ್ನ ಮ್ಯಾಲ ನಾನ ಕ್ರಮ ತಗೋಬೇಕಾಗತೈತಿ."

"ತಗೋರಿ."

ಆವತ್ತೇ ಬರೆದುಕೊಟ್ಟರು. ಉಂಗುರದ ತಪ್ಪು ಕಂಬಾರನದು ಎಂದು ಬರೆಯಬಹುದಿತ್ತು. ಹಾಗೆ ಬರೆಯಲಿಲ್ಲ. ನೋಡದೆ ರುಜು ಹಾಕಿದ್ದು ನಾನು ಎಂದು ಬರೆದರು.

ಮರುದಿನ ನನ್ನನ್ನೂ ಹೆಗಲಿಗೆ ಹಾಕಿಕೊಂಡು ಕರಿಗಲ್ಲಾಳಕ್ಕೆ ಹೋದರು. ಸಂಕವ್ವ ದೂರದ ಹಳ್ಳದಿಂದ ಕೊಡ ಹೊತ್ತು ಬರುತ್ತಿದ್ದಳು. ಖಾಸಿಂಸಾಬರು ದಾರಿಯಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಆಕೆ ಕೊಡ ಇಳಿಸದೆ ಕೇಳಿದಳು.

"ಹಂಗಾದ್ರ ಬಾವಿ ನಂದ?"

"ನಿಂದ ಅವ್ವಾ. ಕಲ್ಲು ಕೀಳಾಕ ಹುಕುಂ ಬರಬೇಕು. ತಡಾ ಆಗತೈತಿ. ಆದ್ರ ನಿಂದ."

"ಎಂಟು ತಿಂಗಳು ನೀರು ಹೊತ್ತೀನಿ. ಅದನ್ನ ಯಾವ ಟೇಪಿಲೆ ಅಳೀತಿ?"

ಖಾಸಿಂಸಾಬರು ಕ್ಷಮಿಸು ಎನ್ನಲು ಬಾಯಿ ತೆರೆದರು. ಆಕೆ ಆಗಲೇ ಮುಂದೆ ಹೋಗಿದ್ದಳು. ಕೊಡದಿಂದ ತುಳುಕಿದ ನೀರು ಧೂಳಿನಲ್ಲಿ ಸಾಲಾಗಿ ಬಿದ್ದಿತ್ತು.

ಹುನಗುಂಡಿಯವರು ಹೇಳಿದಂತೆಯೇ ಮಾಡಿದರು. ಮೂರು ತಿಂಗಳ ಅಮಾನತು. ಆ ವರ್ಷ ಬರಬೇಕಿದ್ದ ಬಡ್ತಿ ಮತ್ತೆಂದೂ ಬರಲಿಲ್ಲ. ಆದರೆ ಮರು ಅಳತೆಯ ಕಾಗದಕ್ಕೂ ಅವರೇ ರುಜು ಹಾಕಿದರು, ಮೇಲಿನವರ ಬೈಗುಳವನ್ನೂ ತಿಂದರು. ಅಮಾನತು ಮುಗಿದ ಮೇಲೆ ಖಾಸಿಂಸಾಬರು ಟೇಪು ಹಿಡಿದು ನಲವತ್ತಮೂರು ಹೊಲಗಳನ್ನೂ ಎರಡೂ ಕಡೆಯವರ ಮುಂದೆ ಅಳೆದರು. ಹೆಚ್ಚಿನ ಕಡೆ ಗೇಣು, ಮೊಳದ ವ್ಯತ್ಯಾಸ. ಇರಲಿ ಬಿಡ್ರಿ ಅಂದರು ಜನ. ಕೆಲವರು ಮುಖಕ್ಕೇ ಬೈದರು. ಇಷ್ಟು ದಿನ ನಂಬಿದ್ದೆವಲ್ಲ ಎಂದು ಒಬ್ಬ ಮುದುಕ ಅತ್ತೇಬಿಟ್ಟ. ಬೈಗುಳಕ್ಕಿಂತ ಅದನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟವಾಯಿತು.

ಈರನಗೌಡರು ಮೇಲ್ಮನವಿ ಹಾಕಿದರು. ನನ್ನನ್ನು ಸಾಕ್ಷಿಯಾಗಿ ಬಟ್ಟೆಯಲ್ಲಿ ಕಟ್ಟಿ, ಅರಗು ಒತ್ತಿ, ವಿಚಾರಣೆಯ ಮೇಜಿನ ಮೇಲಿಟ್ಟರು. ಒಂದೂವರೆ ವರ್ಷದ ಮೇಲೆ ಕಲ್ಲು ಎಂಟು ಅಡಿ ಹಿಂದೆ ಸರಿಯಿತು. ಬಾವಿ ತಿರುಗಿ ಸಿಕ್ಕ ದಿನ ಸಂಕವ್ವ ಹಗ್ಗ ತಂದು ನೀರು ಸೇದಿದಳಂತೆ, ಅಷ್ಟೇ.

ನಾನು ದಾಖಲೆ ಕೋಣೆಯ ಕೆಳಗಿನ ಕಪಾಟಿನಲ್ಲಿ ಉಳಿದೆ. ತುಕ್ಕು ಹತ್ತಿತು. ಖಾಸಿಂಸಾಬರು ಸರ್ವೇಯರ್ ಆಗಿಯೇ ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ಕೋಣೆಯ ಜಾಲರಿಯ ಆಚೆ ಗುಮಾಸ್ತರು ಮಾತಾಡಿಕೊಂಡದ್ದರಿಂದ ನನಗೆ ತಿಳಿಯಿತು.

ಹೋದ ವರ್ಷ ಅದೇ ಜಾಲರಿಯ ಆಚೆ ಒಂದು ಮುದಿ ದನಿ ಕೇಳಿಸಿತು. ಸಂಕವ್ವ. ಇಬ್ಬರು ಹೆಣ್ಣುಮಕ್ಕಳಿಗೆ ಹೊಲ ಪಾಲು ಮಾಡಬೇಕು, ಅಳತೆಗೆ ಅರ್ಜಿ ತಂದಿದ್ದಳು.

"ಆ ಸಾಬಣ್ಣನ್ನ ಕಳಸ್ರಿ" ಎಂದಳು.

"ಅಂವ ಸತ್ತು ಭಾಳ ದಿನಾ ಆತಬೇ. ಅಲ್ಲ, ನಿನ್ನ ಹೊಲ ತಪ್ಪು ಅಳದು ಸಿಕ್ಕಿಬಿದ್ದಾವ ಅಂವನ ಅಲ್ಲೇನು?" ಎಂದ ಒಬ್ಬ ಗುಮಾಸ್ತ.

"ಸಿಕ್ಕಿಬಿದ್ದಿದ್ದಿಲ್ಲಪಾ. ಯಾರೂ ಕೇಳಿದ್ದಿಲ್ಲ. ತಾನ ನಡಕೊಂತ ಬಂದು ಹೇಳಿದ" ಎಂದಳು. ಆಮೇಲೆ ಕೇಳಿದಳು: "ಅಂಥಾವ್ರು ಇಲ್ಲಿ ಇನ್ನ್ಯಾರರ ಅದಾರೇನು?"

ಆಚೆಯ ಕೋಣೆಯಲ್ಲಿ ಐದಾರು ಮೇಜುಗಳಿದ್ದವು. ಕಾಗದ ತಿರುವುವ ಸದ್ದು ನಿಂತಿತು. ಮಾಡಿದ ತಪ್ಪನ್ನು ಖಾಸಿಂಸಾಬರು ಒಪ್ಪಿಕೊಂಡರು ಎಂದು ನನಗೆ ಗೊತ್ತಿತ್ತು. ಒಪ್ಪಿಕೊಂಡದ್ದರಿಂದ ಒಂದು ಜೀವ ಇಷ್ಟು ವರ್ಷ ಅವರನ್ನು ನಂಬಿ ಕೂತಿತ್ತು ಎಂಬುದು ಅವತ್ತೇ ತಿಳಿದದ್ದು. ಅದನ್ನು ಕೇಳಲು ಅವರಿರಲಿಲ್ಲ.

ಸಂಕವ್ವ ಬೆಂಚಿನ ಮೇಲೆ ಕೂತಳು.

"ತಡಾ ಆದ್ರ ಆಗಲಿ," ಎಂದಳು, "ಕಾಯತೀನಿ."