ಉಸಿರಿಗೆ ಜಾಗವಿಲ್ಲದ ಸೋಲೊ

ನ್ಯುಮೋನಿಯಾ ಬಂದು ಹೋದ ಮೇಲೆ ಡಾಕ್ಟರು ಎಕ್ಸ್‌ರೇ ನೋಡಿ, "ಎದೆ ಚೆನ್ನಾಗಿದೆ, ಧಾರಾಳವಾಗಿ ಊದಿ" ಎಂದಿದ್ದರು. ಅವರಿಗೇನು, ಹೇಳಿಬಿಡುತ್ತಾರೆ. ಟ್ಯೂಬಾ ಮಡಿಲಲ್ಲಿಟ್ಟುಕೊಂಡು ಊದುವವಳು ನಾನು. ಅಷ್ಟು ದೊಡ್ಡ ಹಿತ್ತಾಳೆ ವಾದ್ಯಕ್ಕೆ ಉಸಿರು ತುಂಬುವುದೆಂದರೆ ಹುಡುಗಾಟವೇ?

ನಮ್ಮ ಬ್ಯಾಂಡಿನಲ್ಲಿ ಟ್ಯೂಬಾದವರು ಹಿಂದೆ ಕೂತು ಭೋಂ ಭೋಂ ಅನ್ನಿಸಬೇಕು, ಅಷ್ಟೇ. ಸೋಲೊ ಎಲ್ಲ ಆ ಟ್ರಂಪೆಟ್‌ನವನಿಗೆ. ಈ ಸಲದ ಕಾರ್ಯಕ್ರಮದಲ್ಲಿ ನನಗೂ ಒಂದು ಜಾಜ್ ಸೋಲೊ ಬೇಕೆಂದು ಜಗಳವಾಡಿ ಪಡೆದಿದ್ದೆ. ಟ್ಯೂಬಾಗೆಂದು ಸಿಕ್ಕಿದ ತುಣುಕುಗಳೋ, ಒಂದರಲ್ಲಿ ಆನೆ ನಡೆಯುತ್ತದೆ, ಇನ್ನೊಂದರಲ್ಲಿ ಕರಡಿ ಆಕಳಿಸುತ್ತದೆ. ಥೂ! ಕೊನೆಗೆ ಬ್ಯಾಂಡ್‌ಮಾಸ್ಟರು ಕಪಾಟಿನ ತಳದ ಡಬ್ಬದಿಂದ ತಲೆಬರಹ ಹರಿದುಹೋದ ಸ್ವರಲಿಪಿಯ ಹಾಳೆಯೊಂದನ್ನು ತೆಗೆದುಕೊಟ್ಟರು. ದಪ್ಪ ದನಿಯ ವಾದ್ಯಗಳದ್ದನ್ನೆಲ್ಲ ಅವರು ಆ ಒಂದೇ ಡಬ್ಬಕ್ಕೆ ತುರುಕುತ್ತಾರೆ. ಸ್ವರಗಳನ್ನು ನೋಡಿದರೆ ಬಾಯಲ್ಲಿ ನೀರೂರಿತು. ಜಾರುತ್ತವೆ, ಎಡವುತ್ತವೆ, ಎದ್ದು ಮತ್ತೆ ಓಡುತ್ತವೆ, ತುಂಟ ಮುಂಡೇವು.

ಊದಿದೆ. ಎರಡನೇ ಸಾಲಿಗೇ ಕಣ್ಣು ಕತ್ತಲಿಟ್ಟಿತು. ವಾರವೆಲ್ಲ ಇದೇ ಗೋಳು. ಹಾಳೆಯನ್ನು ಬೈಯೋಣವೆಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆ ಟ್ರಂಪೆಟ್‌ನವನು ಆಡಿಕೊಳ್ಳುತ್ತಾನಲ್ಲ! ನನ್ನ ಉಸಿರಿನ ಕಥೆ ಮುಗಿಯಿತು ಎಂದೇ ನಂಬಿದೆ. ಭಯಕ್ಕೆ ಗಂಡನ ಹತ್ತಿರವೂ ಬಾಯಿಬಿಡಲಿಲ್ಲ. ಭಾನುವಾರ ಟ್ಯೂಬಾವನ್ನು ಬ್ಯಾಂಡಿಗೆ ವಾಪಸು ಕೊಟ್ಟುಬಿಡೋಣವೆಂದು ಕೊಳವೆಯೊಳಗಿನ ನೀರು ಬಸಿದು, ಒರೆಸಿದೆ. ಹಾಳಾಗಿ ಹೋಗಲಿ, ಕೊನೆಯದಾಗಿ ಒಂದು ಸಲ ಎಂದು ಮತ್ತೆ ಊದಿದೆ.

ಅವತ್ತು ಮನೆಗೆ ಬಂದಿದ್ದ ನಾದಿನಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದಳು. ನಮ್ಮ ಬ್ಯಾಂಡಿನಲ್ಲೇ ಆಳೆತ್ತರದ ಡಬಲ್ ಬೇಸ್‌ನ ತಂತಿ ಮೀಟುವವಳು ಅವಳು.

"ಅತ್ತಿಗೇ, ಇದನ್ನ ಊದ್ತಾ ಇದೀರಾ? ಇದು ನನ್ನ ಬೇಸ್‌ದು! ಎಲ್ಲಿ ಹೋಯ್ತೋ ಅಂತ ಎಷ್ಟು ಹುಡುಕಿದೆ!"

"ಟ್ಯೂಬಾದ್ದು ಅಂತ ಮಾಸ್ಟರ್ ಕೊಟ್ರಲ್ಲೇ?"

"ಅವರ ತಲೆ! ತಂತಿ ಮೀಟೋಕೆ ಉಸಿರು ಯಾಕೆ ಬೇಕು ಹೇಳಿ? ಅದಕ್ಕೇ ಇದ್ರಲ್ಲಿ ಎಲ್ಲೂ ನಿಲ್ಲೋದೇ ಇಲ್ಲ. ಎಂಥಾ ಪೈಲ್ವಾನ್ ಬಂದ್ರೂ ಊದೋಕಾಗಲ್ಲ."

"ನನಗೇ ಕುಣಿಯೋಕೆ ಬರ್ತಿಲ್ಲ ಅಂದ್ಕೊಂಡಿದ್ದೆ ಕಣೇ."

"ಈ ಸಲ ನೆಲಾನೇ ಡೊಂಕು, ಅತ್ತಿಗೆ!"

ಹೋದ ಜೀವ ಬಂದಂತಾಯಿತು. ಅವಳು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತಳು. "ಉಸಿರು ಬೇಕಾದ ಕಡೆ ಒಂದೊಂದು ಸ್ವರ ನುಂಗಿಬಿಡಿ. ಜಾಜ್ ತಾನೇ, ಯಾರು ಕೇಳ್ತಾರೆ?"

ಅವಳು ಗುರುತು ಹಾಕಿದಲ್ಲೆಲ್ಲ ಹೊಟ್ಟೆ ತುಂಬ ಗಾಳಿ ಎಳೆದುಕೊಂಡು ಊದಿದೆ. ಎರಡನೇ ಸಾಲು ದಾಟಿತು. ಮೂರನೆಯದೂ ದಾಟಿತು. ಕೊನೆಯ ಸ್ವರವನ್ನು ಬೇಕೆಂದೇ ಹಿಡಿದು ನಿಲ್ಲಿಸಿದೆ, ಕಿಟಕಿಯ ಗಾಜು ಗಡಗಡ ಎಂದಿತು. ಅದೆಲ್ಲಿತ್ತೋ, ಅಳು ಒತ್ತರಿಸಿ ಬಂತು.

ನನ್ನ ಗಂಡ ಮುಖದ ಮೇಲಿನ ಸೋಪಿನ ಸಮೇತ ಬಚ್ಚಲಿಂದ ಓಡಿಬಂದರು. "ಏನಾಯ್ತೇ? ಏನಾಯ್ತು ನಿಂಗೆ?"

"ಏನೂ ಆಗಿಲ್ಲ ರೀ," ಎಂದೆ. "ನಂಗೆ ಏನೂ ಆಗಿಲ್ಲ!"